ಚಿಕ್ಕಬೈರಪ್ಪನವರ ಚಾಕು ಪರೀಕ್ಷೆ

ಚಿಕ್ಕಬಾಣಾವರದ ಚಿಕ್ಕಬೈರಪ್ಪನವರ ಜೇಬೆಂದರೆ ಒಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆಗಳೆದ್ದ ಮೇಲೆ ಅವರಿಗೆ ಕೆಲಸವಿಲ್ಲ, ಆದರೆ ಕೈ ಸುಮ್ಮನಿರಬೇಕಲ್ಲ. ಟಾರ್ಚು, ಟೇಪು, ಟೆಸ್ಟರು ಎಲ್ಲವೂ ಆ ಜೇಬಿನಲ್ಲಿ ಕೆಲಕಾಲ ಬಾಳಿ, ಕೊನೆಗೆ ವಾಷಿಂಗ್ ಮೆಷಿನ್ನಿಗೆ ಬಿದ್ದು ಕಾಲವಾಗಿದ್ದವು. ಈಗ ಬಂದದ್ದು ಚಾಕು. ಹಳೇ ಬಗೆಯದು, ಮರದ ಹಿಡಿ, ಮೂರಿಂಚಿನ ಅಲಗು. ಉಗುರು ಸಿಕ್ಕಿಸಿ ಎಳೆದರೆ ಬಿಚ್ಚಿಕೊಳ್ಳುತ್ತದೆ, ಒತ್ತಿದರೆ ಟಕ್ಕನೆ ಮಡಚಿಕೊಳ್ಳುತ್ತದೆ. ಆ ಸದ್ದಿಗೇ ಅವರು ಮಾರುಹೋಗಿದ್ದರು.

ಹೆಂಡತಿ ಮುನಿಗಂಗಮ್ಮ ಮಾತ್ರ ಜಗ್ಗಲಿಲ್ಲ. "ಏಳು ದಿನ ಟೈಮ್ ಕೊಡ್ತೀನಿ. ನೀವಾಗಿ ಓಗಿ ಕುಯ್ದಿದ್ದು ಲೆಕ್ಕಕ್ಕಿಲ್ಲ. ಯಾರಾದ್ರೂ ಬಾಯ್ಬಿಟ್ಟು ಚಾಕು ಐತಾ ಅಂತ ನಿಮ್ಮುನ್ನ ಕೇಳ್ಬೇಕು. ಕೇಳಿಲ್ಲ ಅಂದ್ರೆ ಅದು ಅಡುಗೆಮನೆಗೆ!"

ಅಡುಗೆಮನೆ! ಈರುಳ್ಳಿ, ಬದನೆಕಾಯಿಗಳ ನಡುವೆ ಆ ಚಾಕುವನ್ನು ನೆನೆದೇ ಚಿಕ್ಕಬೈರಪ್ಪನವರು ಅದನ್ನು ಜೇಬಿನ ತಳಕ್ಕೆ ತುರುಕಿಕೊಂಡರು.

ಪರೀಕ್ಷೆ ಶುರುವಾಯಿತು. ಡೈರಿಯಲ್ಲಿ ಅಂಕ ಬಿತ್ತು: ಭಾರ, ಹತ್ತಕ್ಕೆ ಒಂಬತ್ತು. ಸೇಬು, ಹತ್ತಕ್ಕೆ ಹತ್ತು. ಆದರೆ ಕೇಳುವವರು ಬೇಕಲ್ಲ! ಕೊರಿಯರ್ ಹುಡುಗ ಡಬ್ಬವನ್ನು ಬೀಗದ ಕೈಯಿಂದ ಸೀಳಿದ. ಬಾಡಿಗೆದಾರ ನಾಗೇಶ್ ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದ. ಎಳನೀರಿನ ಸುರೇಶನ ಮುಂದೆ ಇವರು ಅರ್ಧ ಗಂಟೆ ನಿಂತರು. ಅವನು ತನ್ನ ಮಚ್ಚು, ಇವರ ಚಾಕು ಎರಡನ್ನೂ ನೋಡಿ, "ಯಾಕಣ್ಣ, ಮನೇಲಿ ಎಲ್ಲಾ ಆರಾಮಾ?" ಎಂದು ಕೇಳಿದ.

ಏಳನೆಯ ದಿನ ಗಂಗಾನಗರದಲ್ಲಿ ಅಣ್ಣನ ಮಗ ಮನೋಹರನ ಗೃಹಪ್ರವೇಶ. ದೃಷ್ಟಿ ತೆಗೆಯಲು ಬೂದುಗುಂಬಳಕಾಯಿ ಬಂದಿತ್ತು, ಅದರ ತಲೆಯಲ್ಲಿ ಕುಂಕುಮ ತುಂಬಲು ತೂತು ಕೊರೆಯಬೇಕು. ಹೊಸ ಮನೆಗೆ ಪಾತ್ರೆಗಳಿನ್ನೂ ಬಂದಿರಲಿಲ್ಲ, ಅಡುಗೆ ನಡೆಯುತ್ತಿದ್ದದ್ದು ಎರಡು ಬೀದಿಯಾಚೆಯ ಛತ್ರದಲ್ಲಿ. ಪುರೋಹಿತರು ಗಡಿಯಾರ ನೋಡುತ್ತಿದ್ದರು.

"ಚಿಕ್ಕಪ್ಪ, ನಿಮ್ಮತ್ರ ಚಾಕು ಗೀಕು ಏನಾದ್ರೂ ಇದ್ಯಾ?" ಎಂದ ಮನೋಹರ.

ಚಿಕ್ಕಬೈರಪ್ಪನವರ ಕಣ್ಣು ತುಂಬಿಬಂತು. ಹೆಂಡತಿಯ ಕಡೆ ಒಮ್ಮೆ ನೋಡಿ, ಗತ್ತಿನಿಂದ ಜೇಬಿಗೆ ಕೈ ಹಾಕಿದರು. ಮನೋಹರ ಕೈಚಾಚಿದ. "ಅಯ್ಯೋ, ಕೈಯಿಂದ ಕೈಗೆ ಚಾಕು ಕೊಡಬಾರ್ದು, ಜಗಳ ಆಗ್ತದೆ!" ಎಂದು ನಾಲ್ಕೈದು ಹೆಂಗಸರು ಒಟ್ಟಿಗೆ ಕೂಗಿದರು. ಇವರು ಬಾಳೆಲೆಯ ಮೇಲಿಟ್ಟರು, ಅವನು ಎತ್ತಿಕೊಂಡ.

ಬಿಚ್ಚಲಿಲ್ಲ. ಮನೋಹರನಿಗೆ ಉಗುರು ಕಚ್ಚುವ ಚಟ. ಮತ್ತೆ ಎಲೆಯ ಮೇಲಿಟ್ಟ, ಇವರು ಎತ್ತಿಕೊಂಡರು. ಬೆಳಿಗ್ಗೆ ತಾನೇ ಇದೇ ಚಾಕುವಿನಲ್ಲಿ ಹತ್ತೂ ಉಗುರನ್ನು ಬುಡಮಟ್ಟ ತೆಗೆದು, ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದರು ಮಹಾನುಭಾವರು! ಎಳೆದರು, ತಿರುವಿದರು, ಬೆವರಿದರು. ನೆಂಟರಿಷ್ಟರು ಮುಸಿಮುಸಿ ನಗತೊಡಗಿದರು. ಪುರೋಹಿತರು ಕೆಮ್ಮಿದರು.

"ಇಡ್ರೀ ಕೆಳಗೆ," ಎಂದರು ಮುನಿಗಂಗಮ್ಮ. ವರ್ಷವಿಡೀ ಬೆಳ್ಳುಳ್ಳಿ, ಅವರೆಕಾಳು ಸುಲಿದು ಪಳಗಿದ ಹೆಬ್ಬೆರಳಿನ ಉಗುರು ಅದು. ಒಂದೇ ಎಳೆತಕ್ಕೆ ಅಲಗು ಹೊರಬಂತು. ಕುಂಬಳಕಾಯಿಯ ತಲೆಯಲ್ಲಿ ಅಚ್ಚುಕಟ್ಟಾಗಿ ಮೂರು ಮೂಲೆಯ ತೂತು ಕೊರೆದರು. ಅಲಗು ಒರೆಸಿ, ಹಿಡಿಗೆ ಒಂದು ಬೊಟ್ಟು ಕುಂಕುಮ ಇಟ್ಟು, ಟಕ್ಕನೆ ಮಡಚಿದರು. ಆ ಸದ್ದಿಗೆ ಅವರ ಹುಬ್ಬೂ ಒಮ್ಮೆ ಮೇಲೇರಿತು.

"ಕೊಡು," ಎಂದರು ಚಿಕ್ಕಬೈರಪ್ಪ.

"ಕೈಯಿಂದ ಕೈಗಾ? ಜಗಳ ಆಗ್ತದೆ."

"ಆಗಿದ್ರೆ ಕೆಳಗಿಡು."

"ಕುಂಕುಮ ಇಟ್ಟಿದ್ದುನ್ನ ಕಂಡೋರು ಓಡಾಡೋ ಜಾಗ್ದಲ್ಲಿ ಇಡ್ತಾರೇನ್ರೀ?"

ಚಾಕು ಮುನಿಗಂಗಮ್ಮನವರ ಎಲೆಅಡಿಕೆ ಚೀಲದೊಳಗೆ ಹೋಯಿತು. ದಾರ ಎಳೆದು ಗಂಟು ಹಾಕಿದ್ದೂ ಆಯಿತು. ಊಟದಲ್ಲಿ ಎರಡನೇ ಸಲ ಒಬ್ಬಟ್ಟು ಬಡಿಸಲು ಬಂದರೂ ಚಿಕ್ಕಬೈರಪ್ಪನವರು ಬೇಡವೆಂದರು. ಅವರಿಗೆ ಅಷ್ಟು ದುಃಖವಾಗಿತ್ತು.

ವಾಪಸು ಬರುವಾಗ ಕಾರು ಹೆಸರಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಿತು. ಪಕ್ಕದಲ್ಲಿ ಮುನಿಗಂಗಮ್ಮ ಅದೇ ಚಾಕುವಿನಲ್ಲಿ ಸೀಬೆಹಣ್ಣು ಹೋಳು ಮಾಡಿ ಒಂದೊಂದೇ ಗಂಡನಿಗೆ ಕೊಡುತ್ತಿದ್ದರು.

"ನಿಜವಾಗ್ಲೂ ಬೋ ಚೆನ್ನಾಗೈತೆ ಕಣ್ರೀ," ಎಂದರು. "ದಿನಾ ಜೊತೇಲಿ ಇಟ್ಕೊಳ್ಳೋವಂತದ್ದೇ."

ಈ ಮಾತು ಕೇಳಲೆಂದೇ ಏಳು ದಿನ ಊರೆಲ್ಲ ಅಲೆದಿದ್ದ ಚಿಕ್ಕಬೈರಪ್ಪನವರು ಹೋಳನ್ನು ಬಾಯಿಗೆ ಹಾಕಿಕೊಂಡು, "ನಾನ್ ಏಳ್ಲಿಲ್ವಾ?" ಎಂದರು.