ಹಗಲು ಕಚ್ಚುವ ಸೊಳ್ಳೆ

ನಾನು ಆಶಾ ಕಾರ್ಯಕರ್ತೆ ಪ್ರಮೀಳಾ. ತುಮಕೂರಿನ ನಮ್ಮ ವಾರ್ಡಿನಲ್ಲಿ ದಿನಕ್ಕೆ ಐವತ್ತು ಮನೆಯ ನೀರು ನೋಡಬೇಕು. ಸೊಳ್ಳೆಯ ಹುಳ ಇದ್ದರೆ ಚೆಲ್ಲಿಸಿ, ಇದೆಯೋ ಇಲ್ಲವೋ ಎಂದು ಮೊಬೈಲಿನಲ್ಲಿ ತುಂಬಬೇಕು. ಈ ಐವತ್ತನ್ನು ಯಾರೋ ಕುರ್ಚಿಯಲ್ಲಿ ಕೂತೇ ಹೇಳಿರಬೇಕು. ಬಿಸಿಲಲ್ಲಿ ನಡೆದವರ ಬಾಯಲ್ಲಿ ಆ ಸಂಖ್ಯೆ ಬರುವುದಿಲ್ಲ.

ರಸ್ತೆಯ ಈಚೆಗೆ ನಮ್ಮ ಕಾಲೊನಿ, ಆಚೆಗೆ ಲೇಔಟ್. ಕಾಲೊನಿಗೆ ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ಹಾಗಾಗಿ ಮನೆಮನೆಯಲ್ಲೂ ಡ್ರಮ್ಮು. ನಾನು ಕೇಳದೆಯೇ ಒಳಗೆ ನುಗ್ಗಿ ಮುಚ್ಚಳ ತೆಗೆಯುತ್ತೇನೆ. ಬೇಡ ಅನ್ನಬಹುದು ಎಂಬುದೇ ಅವರಿಗೆ ಗೊತ್ತಿಲ್ಲ. ಲೇಔಟಿನಲ್ಲಿ ಮಾತ್ರ ಬೆಲ್ ಒತ್ತಿ ಗೇಟಿನಾಚೆ ನಿಲ್ಲಬೇಕು. "ನಮ್ಮನೇಲಿ ಎಲ್ಲಾ ಕ್ಲೀನಾಗಿದೆ ಕಣಮ್ಮ, ಬರ್ಕೊಂಡು ಹೋಗು" ಎಂದು ಒಳಗಿನಿಂದ ದನಿ ಬರುತ್ತದೆ. ಒಳಗೆ ಬಿಡದ ಮನೆಗೆ ಬೀಗ ಹಾಕಿದೆ ಎಂದು ಬರೆದರೆ ಮತ್ತೆರಡು ಸಲ ಬರಬೇಕು, ಮೇಲಿನವರ ಬೈಗುಳ ಬೇರೆ. ಅದಕ್ಕೆ ನಾವೆಲ್ಲ ಗೇಟಿನಲ್ಲೇ ನಿಂತು 'ಹುಳ ಇಲ್ಲ' ಎಂದು ಒತ್ತಿಬಿಡುತ್ತೇವೆ. ನಾನೊಬ್ಬಳೇ ಅಲ್ಲ, ಎಲ್ಲರೂ. ಹೀಗೆ ಅಂದುಕೊಂಡರೆ ತಪ್ಪು ಹಗುರವಾಗುತ್ತದೆ ಅನ್ನಿಸಿತ್ತು, ಆಗಲಿಲ್ಲ.

ನನ್ನ ತಂಗಿ ವಾಣಿಶ್ರೀ ಪಕ್ಕದ ಮನೆಯಲ್ಲೇ ಇದ್ದಾಳೆ. ಲೇಔಟಿನ ಉಮಾಮಹೇಶ್ವರಿ ಮೇಡಂ ಮನೆಗೆ ಬೆಳಗ್ಗೆ ಆರಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಆ ಮನೆಯ ಗೇಟಿನಲ್ಲೂ ನಾನು 'ಇಲ್ಲ' ಎಂದೇ ಒತ್ತಿದ್ದೆ. ಅದಾದ ವಾರಕ್ಕೆ ವಾಣಿ ಜ್ವರ ಅಂತ ಮಲಗಿದಳು. ನಾಲ್ಕನೆಯ ದಿನ ವಸಡಿನಲ್ಲಿ ರಕ್ತ. ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಡೆಂಗಿ, ಪ್ಲೇಟ್‌ಲೆಟ್ ಹದಿನೆಂಟು ಸಾವಿರ ಅಂದರು. ಆ ಸಂಖ್ಯೆಯ ಅರ್ಥವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುದಿನ ನಮ್ಮ ಸೂಪರ್‌ವೈಸರ್ ಚನ್ನವೀರಯ್ಯ ಕಾಲೊನಿಗೆ ಬಂದರು. ಡೆಂಗಿ ಬಂದವರ ಮನೆಯಲ್ಲೇ ಅದರ ಮೂಲ ಹುಡುಕುವುದು ಅವರ ಕ್ರಮ. ವಾಣಿಯ ಡ್ರಮ್ಮಿಗೆ ಎರಡು ಪದರ ಸೀರೆ ಬಟ್ಟೆ ಕಟ್ಟಿತ್ತು. ಬಿಚ್ಚಿ ಟಾರ್ಚ್ ಬಿಟ್ಟೆ. ತಳ ಕಾಣುವಂಥ ತಿಳಿನೀರು, ಒಂದು ಹುಳವಿಲ್ಲ.

"ಸರ್, ಇಲ್ಲೇನೂ ಇಲ್ಲ. ಇದು ಹಗಲು ಕಚ್ಚೋ ಸೊಳ್ಳೆ. ಅವ್ಳು ಹಗಲೆಲ್ಲಾ ಮೇಡಂ ಮನೇಲಿರ್ತಾಳೆ. ಅಲ್ಲಿ ಹಿಂದ್ಗಡೆ ನೋಡಣ ಬನ್ನಿ" ಎಂದೆ.

ಅವರು ಮೊಬೈಲ್ ತೆಗೆದು ನನ್ನ ಮುಖಕ್ಕೆ ಹಿಡಿದರು. "ಆ ಮನೆಗೆ ಹುಳ ಇಲ್ಲ ಅಂತ ಹಾಕಿರೋಳು ನೀನೇ ಅಲ್ವೇನಮ್ಮ? ಈಗ ಇದೆ ಅಂದ್ರೆ ಅವತ್ತು ನೋಡೇ ಇಲ್ಲ ಅಂತಾಯ್ತು. ಕೆಲ್ಸ ಬೇಕೋ ಬೇಡ್ವೋ?"

ನಾನು ಟಾರ್ಚ್ ಆರಿಸಿದೆ. ಅವರು ಡ್ರಮ್ ಉರುಳಿಸಿ, 'ಹುಳ ಇದೆ' ಎಂದು ತುಂಬಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಐದು ದಿನದ ನೀರು ಚರಂಡಿ ಪಾಲಾಯಿತು, ಇಡೀ ಕಾಲೊನಿ ನಿಂತು ನೋಡಿತು.

ಸಂಜೆ ವಾಣಿ ಬಿಟ್ಟುಹೋದ ಬಟ್ಟೆ ತೆಗೆದುಕೊಳ್ಳಬೇಕೆಂದು ಸುಳ್ಳು ಹೇಳಿ ಮೇಡಂ ಮನೆಯ ಹಿತ್ತಿಲಿಗೆ ಹೋದೆ. ವಾಣಿ ಪಾತ್ರೆ ಉಜ್ಜುವ ಜಾಗದ ಪಕ್ಕದಲ್ಲೇ ತಾವರೆಗೆಂದು ಇಟ್ಟ ಕಲ್ಲಿನ ಬಾನಿ. ಗಿಡ ಯಾವಾಗಲೋ ಕೊಳೆತುಹೋಗಿತ್ತು. ನೀರು ಒಲೆಯ ಮೇಲಿನ ಎಸರಿನ ಹಾಗೆ ಮರಳುತ್ತಿತ್ತು, ಅಷ್ಟು ಹುಳ. ಮೇಡಂ ಬಾಗಿಲಿಗೆ ಬಂದರು.

"ವಾಣಿನ ಪೂರ್ತಿ ವಾಸಿಯಾದ್ಮೇಲೇ ಕಳ್ಸಮ್ಮ. ನಿಮ್ ಕಡೆ ಡೆಂಗಿ ಜಾಸ್ತಿ ಅಂತಲ್ಲ, ನಮ್ಮನೇಲಿ ಮಗು ಇದೆ."

ಮೈ ಉರಿಯಿತು. ಆದರೂ, "ಈ ಬಾನಿ ಚೆಲ್ಬುಡ್ತೀನಿ ಮೇಡಂ" ಎಂದಷ್ಟೇ ಅಂದೆ. ಚೆಲ್ಲಿ ಬಂದೆ. ಫೋಟೊ ತೆಗೆಯಲಿಲ್ಲ, ಎಲ್ಲೂ ಬರೆಯಲಿಲ್ಲ.

ವಾಣಿ ಉಳಿದಳು. ಒಂಬತ್ತು ದಿನಕ್ಕೆ ಮನೆಗೆ ಬಂದಳು. ಅಷ್ಟರಲ್ಲಿ ಎದುರುಮನೆಯ ದೊಡ್ಡಗಂಗಮ್ಮನ ಮೊಮ್ಮಗಳು ಹರ್ಷಿತಾ ಆಸ್ಪತ್ರೆ ಸೇರಿದ್ದಳು. ವಾಣಿಯ ಡ್ರಮ್ಮಿನಿಂದಲೇ ಬಂತು ಎಂದು ಕಾಲೊನಿ ತೀರ್ಮಾನಿಸಿತ್ತು. ನಲ್ಲಿಯ ಹತ್ತಿರ ನಿಂತಿದ್ದವರು ಯಾರೂ ವಾಣಿಯನ್ನು ಮಾತಾಡಿಸಲಿಲ್ಲ.

ಮಾರನೆಯ ದಿನ ಅವಳು ಗೋಡೆ ಹಿಡಿದುಕೊಂಡು ದೊಡ್ಡಗಂಗಮ್ಮಜ್ಜಿಯ ಜಗುಲಿಗೆ ಹೊರಟಳು. ಬೀಳುತ್ತಾಳೆಂದು ನಾನೂ ಜೊತೆಗೆ ಹೋದೆ.

"ಅಜ್ಜಿ, ನನ್ ಡ್ರಮ್ಮಿಂದ ನಿಮ್ ಮಗೀಗೆ ಹಿಂಗಾಯ್ತು. ಬಟ್ಟೆ ಬಿಗಿಯಾಗೇ ಕಟ್ಟಿದ್ದೆ. ಎಲ್ಲಿ ಸಡ್ಲಾಯ್ತೋ ಕಾಣೆ."

ದೊಡ್ಡಗಂಗಮ್ಮ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ಬಟ್ಟೆ ಬಿಚ್ಚಿ ನೋಡ್ದೋಳು ನೀನಲ್ವೇನೇ ಪ್ರಮೀಳಾ? ನೀನೇ ಹೇಳು. ಹುಳ ಇತ್ತಾ?"

ಅಕ್ಕಪಕ್ಕದವರೆಲ್ಲ ಹೊರಗೆ ಬಂದಿದ್ದರು. ಈ ಬೀದಿಯಲ್ಲಿ ಲಸಿಕೆಗೆ, ಹೆರಿಗೆಗೆ, ಜ್ವರಕ್ಕೆ ನನ್ನ ಮಾತೇ ಮಾತು. ಇಲ್ಲ ಅಂದಿದ್ದರೆ ನಂಬುತ್ತಿದ್ದರು. ಮತ್ತೆಲ್ಲಿಂದ ಬಂತು ಎಂದು ಕೇಳುತ್ತಿದ್ದರು. ಅದಕ್ಕೂ ನಾನು ಉತ್ತರ ಕೊಡಬೇಕಾಗುತ್ತಿತ್ತು.

"ಇತ್ತು ಕಣಜ್ಜಿ" ಎಂದೆ.

ವಾಣಿ ನನ್ನ ಕಡೆ ತಿರುಗಿ ತಲೆಯಾಡಿಸಿದಳು, ಅಕ್ಕ ನೋಡಿದ ಮೇಲೆ ಸುಳ್ಳಾಗುತ್ತದಾ ಎನ್ನುವ ಹಾಗೆ. ಆಮೇಲೆ ನನ್ನ ತೋಳು ಹಿಡಿದುಕೊಂಡೇ ಅಜ್ಜಿಯ ಕಾಲು ಮುಟ್ಟಲು ಬಗ್ಗಿದಳು.