ಎಡಗಡೆಯ ದೊಡ್ಡಿ

"ಈ ಮರಿಗಳಿಗೂ ಆ ಮೇವು ಸ್ವಲ್ಪ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ ಮೇಡಂ?" ದೊಡ್ಡಿ ತೊಳೆಯುವವನು ಪೈಪು ಕೆಳಗಿಟ್ಟು ಕೇಳಿದ.

"ನಂಗೆ ಗೊತ್ತಾಗುತ್ತಲ್ಲಪ್ಪ," ಎಂದಳು ಸಂಶೋಧಕಿ.

ಎಡಗಡೆಯ ದೊಡ್ಡಿಯಲ್ಲಿ ಹಂದಿಮರಿಯೊಂದು ಮುಂಗಾಲು ಮಡಚಿಕೊಂಡೇ ತೊಟ್ಟಿಯತ್ತ ತೆವಳುತ್ತಿತ್ತು. ಬಲಗಡೆಯ ಮರಿಗಳ ಮೇವಿಗೆ ಮಾತ್ರ ಕಿಣ್ವ ಬೆರೆಸಿತ್ತು. ಕಾಳಿನಲ್ಲಿ ಮೂಳೆಗೆ ಬೇಕಾದ ರಂಜಕವೇನೋ ಇರುತ್ತದೆ. ಹಂದಿಯ ಹೊಟ್ಟೆಗೆ ಅದನ್ನು ಬಿಡಿಸಿಕೊಳ್ಳಲು ಬಾರದು, ಒಳಹೋದದ್ದೆಲ್ಲ ಮಲದ ಪಾಲು. ಕಿಣ್ವ ಅದನ್ನು ಬಿಡಿಸಿಕೊಡುತ್ತದೆಂದು ತೋರಿಸಬೇಕಾದರೆ ಕೆಲವು ಮರಿಗಳು ಅದಿಲ್ಲದೆ ಬೆಳೆಯಲೇಬೇಕು. ಇದು ಅವಳೇ ಹಾಕಿದ ನಿಯಮ. ಅವಳು ಮುಖ ತಿರುಗಿಸಿಕೊಂಡು ಹೊರನಡೆದಳು.

ಅಕ್ಕನ ಮನೆಯಲ್ಲಿ ಅವಳಿಗೆ 'ಹಂದಿ ಚಿಕ್ಕಮ್ಮ' ಎಂದೇ ಹೆಸರು. ಎದುರಿಗೇ ಅನ್ನುತ್ತಿದ್ದರು, ಅವಳೂ ನಗುತ್ತಿದ್ದಳು. ಹಿಂದೆ ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಒಂದು ಪ್ರಯೋಗ ಅರ್ಧದಲ್ಲಿರುತ್ತಿತ್ತು. ಬರಬರುತ್ತ ಮಾತು ಬರುವುದೇ ನಿಂತಿತು.

ಫಲಿತಾಂಶ ಕೈಸೇರಿದ ಮಧ್ಯಾಹ್ನ ಪ್ರಯೋಗಾಲಯದಲ್ಲಿ ನರಪಿಳ್ಳೆಯೂ ಇರಲಿಲ್ಲ. ಎಲ್ಲರೂ ಊಟಕ್ಕೆ ಹೋಗಿದ್ದರು. ಬಲಗಡೆಯ ಮರಿಗಳು ರಂಜಕವನ್ನು ಚೆನ್ನಾಗಿಯೇ ಅರಗಿಸಿಕೊಂಡಿದ್ದವು. ಅವಳು ಮತ್ತೊಮ್ಮೆ ಓದಿದಳು. ಯಾರಿಗಾದರೂ ಹೇಳದೆ ಇರಲಾಗದೆ ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ಆ ಕಿಣ್ವ ಕೆಲಸ ಮಾಡ್ತು ಕಣೇ."

"ಯಾವುದೇ?" ಅಕ್ಕನ ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ. "ಓ, ಹಂದೀದಾ? ಒಳ್ಳೇದಾಯ್ತು ಬಿಡು. ಮನೆ ತುಂಬ ಜನ ಇದಾರೆ ಕಣೇ, ಆಮೇಲೆ ಮಾಡ್ತೀನಿ. ಊಟ ಆಯ್ತಾ?"

"ಆಯ್ತು."

ಆಗಿರಲಿಲ್ಲ. ಫೋನು ಮೇಜಿನ ಮೇಲಿಟ್ಟಳು. ಪ್ರಯೋಗ ಮುಗಿದಿತ್ತು. ಆಮೇಲೆ ಬಲಗಡೆಯ ಮೇವನ್ನು ಒಂದು ಬೋಗುಣಿಗೆ ತುಂಬಿಕೊಂಡು ದೊಡ್ಡಿಗೆ ಹೋದಳು.

ಎಡಗಡೆಯ ಮರಿಗಳು ನುಗ್ಗಿ ಬಂದವು. ಕಾಲು ಮಡಚಿದ ಮರಿ ಮಾತ್ರ ಮೂಲೆಯಿಂದ ಕದಲಲಿಲ್ಲ.

"ಈಗ ತಿಂದ್ರೆ ಎದ್ದು ನಿಲ್ಲುತ್ತಾ ಮೇಡಂ?" ದೊಡ್ಡಿ ತೊಳೆಯುವವನು ಬಾಗಿಲಲ್ಲಿ ನಿಂತಿದ್ದ.

"ನಿಲ್ಲಬಹುದು. ಕೆಲವಕ್ಕೆ ಕಾಲು ಸೊಟ್ಟಾಗೇ ಉಳಿಯುತ್ತೆ."

ಅವನು ಬಕೆಟ್ ಎತ್ತಿಕೊಂಡು ಹೋದ.

ಅವಳು ಒದ್ದೆ ನೆಲದಲ್ಲೇ ಕೂತು, ಅಂಗೈಯಲ್ಲಿ ಮೇವಿಟ್ಟು ಮರಿಯ ಮೂತಿಗೆ ಹಿಡಿದಳು. ಮರಿ ಮೂಸಿತು, ಆಮೇಲೆ ಆತುರಾತುರವಾಗಿ ತಿಂದಿತು. ತಿಂದು ಮುಗಿದರೂ ಮೂತಿ ತೆಗೆಯದೆ ಅಲ್ಲೇ ಕಣ್ಣು ಮುಚ್ಚಿತು. ಅವಳ ಕೈ ಜೋಮು ಹಿಡಿಯತೊಡಗಿತು. ಇನ್ನೊಂದು ಕೈಯಿಂದ ಸೀರೆಯ ಒದ್ದೆ ಅಂಚನ್ನು ಸರಿಸಿಕೊಂಡಳು. ಮರಿಯ ಮೂತಿಯಿದ್ದ ಕೈಯನ್ನು ಅಲ್ಲಾಡಿಸಲಿಲ್ಲ.