ನಿಧಾನದ ಬೋರ್ಡು

"ಯಾರಮ್ಮ ನೀನು? ನನ್ನ ತಂಗಿ ಎಲ್ಲಿ?"

ಪ್ರಶ್ನೆ ಬಂದದ್ದು ಫೋನಿನ ಸ್ಪೀಕರಿನಿಂದ. ಅತ್ತೆ ಕೀಬೋರ್ಡಿನ ಮೇಲೆ ಬಾಗಿ ಒಂದೇ ಬೆರಳಿನಲ್ಲಿ ಕುಟ್ಟಿದರು. ಕಂಪ್ಯೂಟರು ಗಡಬಡಿಸಿ ಹೇಳಿತು: "ಅಕ್ಕಾನಾನುಗಿಣಿ."

"ಏನೋ ಮಾರೋಕೆ ಫೋನ್ ಮಾಡಿದ್ದೀಯ ತಾನೆ? ನಂಗೇನೂ ಬೇಡಮ್ಮ."

ಫೋನು ಕಟ್ಟಾಯಿತು. ಅತ್ತೆ ಸೊಸೆಯತ್ತ ತಿರುಗಿದರು. ಬೈದಿದ್ದರೆ ವಾಸಿಯಿತ್ತು. ಅವರು ಸುಮ್ಮನೆ ನೋಡಿದರು, ಅಷ್ಟೇ.

ಗಂಟಲಿನ ಆಪರೇಷನ್ನಿನಲ್ಲಿ ಅತ್ತೆಯ ಮಾತು ಹೋಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ಆಗ ಸೊಸೆ ಕೆಲಸ ಮಾಡುವ ಕಂಪ್ಯೂಟರ್ ರಿಪೇರಿ ಅಂಗಡಿಯ ಹುಡುಗನೊಬ್ಬ ಪ್ರೋಗ್ರಾಮೊಂದನ್ನು ಬರೆದುಕೊಟ್ಟಿದ್ದ. ಅತ್ತೆ ಒಂದೊಂದೇ ಅಕ್ಷರ ಹೇಳಿ ತಮ್ಮ ದನಿಯನ್ನು ಅದರಲ್ಲಿ ತುಂಬಿಟ್ಟರು. ಆಪರೇಷನ್ ಆದಂದಿನಿಂದ ಅವರು ಟೈಪ್ ಮಾಡುವುದು, ಕಂಪ್ಯೂಟರು ಆ ಅಕ್ಷರಗಳನ್ನು ಜೋಡಿಸಿ ಹೇಳುವುದು. ಹುಡುಗ ಈಗ ಎಲ್ಲಿದ್ದಾನೋ ಯಾರಿಗೂ ತಿಳಿಯದು. ದೂರದ ಊರಿನಲ್ಲಿ ಹಾಸಿಗೆ ಹಿಡಿದ ಅತ್ತೆಯ ಅಕ್ಕ ದೊಡ್ಡತ್ತೆಗೆ ಕಣ್ಣು ಕಾಣುವುದಿಲ್ಲ, ಹೆತ್ತ ಮಕ್ಕಳ ಗುರುತೂ ಒಮ್ಮೊಮ್ಮೆ ಹತ್ತುವುದಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಕೇಳುವ ಈ ದನಿಯ ಗುರುತೊಂದು ಮಾತ್ರ ಅವರಿಗೆ ಇನ್ನೂ ತಪ್ಪಿರಲಿಲ್ಲ. ಗಿಣಿ ಎಂಬುದು, ಚಿಕ್ಕಂದಿನಲ್ಲಿ ಬಾಯಿ ಮುಚ್ಚದಿದ್ದ ತಂಗಿಗೆ ಅವರೇ ಇಟ್ಟ ಹೆಸರು.

ವಾರದ ನಡುವೆ ಹಳೆಯ ಮದರ್‌ಬೋರ್ಡು ಸತ್ತಿತ್ತು. ಸೊಸೆ ಅಂಗಡಿಯ ಮೂಲೆಯಿಂದ ಎರಡು ಹಳೇ ಬೋರ್ಡುಗಳನ್ನು ಅವುಗಳ ಪ್ರೊಸೆಸರುಗಳ ಸಮೇತ ಹುಡುಕಿ ತಂದು, ಎರಡನ್ನೂ ವೇಗದ ಪರೀಕ್ಷೆಗೆ ಹಚ್ಚಿದಳು. ಒಂದರಲ್ಲಿ ವೇಗ ತೋರಿಸುವ ಪಟ್ಟಿ ಪರದೆಯ ಅಂಚಿನವರೆಗೂ ಓಡಿತು. ಇನ್ನೊಂದರಲ್ಲಿ ಅರ್ಧದಾರಿಗೇ ನಿಂತಿತು. ಓಡಿದ್ದನ್ನು ಕೂಡಿಸಿ, ನಿಂತದ್ದನ್ನು ಗುಜರಿಯ ಚೀಲಕ್ಕೆ ಹಾಕಿದ್ದಳು. ಯಾರಾದರೂ ಹಾಗೇ ಮಾಡುತ್ತಿದ್ದರು.

"ವೇಗ ಜಾಸ್ತಿಯಾದ್ರೆ ಒಳ್ಳೇದೇ ಅಲ್ವಾ?" ಸೋಫಾದಲ್ಲಿ ಮಲಗಿದ್ದ ಗಂಡ ಹೇಳಿದ. "ಮೊದಲೆಲ್ಲ ಅಮ್ಮನ ಬೈಗುಳ ಹೊರಗೆ ಬರೋ ಹೊತ್ತಿಗೆ ನಾನು ಬಸ್ ಹತ್ತಿರ್ತಿದ್ದೆ."

"ಮುಚ್ಚುಬಾಯಿ," ಎಂದಿತು ಕಂಪ್ಯೂಟರು, ತಡಮಾಡದೆ.

ಅವನು ನಕ್ಕ. ಸೊಸೆಗೆ ನಗು ಬರಲಿಲ್ಲ. ತಪ್ಪು ಎಲ್ಲಾಗಿದೆಯೆಂದು ಅವಳಿಗೆ ಆಗಲೇ ಹೊಳೆದಿತ್ತು. ಒಂದು ಅಕ್ಷರ ಹೇಳಿ, ಇಷ್ಟರವರೆಗೆ ಎಣಿಸಿ, ಆಮೇಲೆ ಮುಂದಿನದನ್ನು ಹೇಳು ಎಂದು ಹುಡುಗ ಪ್ರೋಗ್ರಾಮಿಗೆ ಕಲಿಸಿದ್ದ. ಈಗ ಕೂಡಿಸಿದ ಬೋರ್ಡಿನ ವೇಗದ ಪ್ರೊಸೆಸರು ಆ ಎಣಿಕೆಯನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತಿತ್ತು. ಒಂದು ಅಕ್ಷರದ ಬಾಲವನ್ನು ಇನ್ನೊಂದು ತುಳಿಯುತ್ತಿತ್ತು. ದನಿ ಅತ್ತೆಯದೇ, ಆದರೆ ಅತ್ತೆ ಜನ್ಮದಲ್ಲಿ ಹಾಗೆ ಮಾತಾಡಿದವರಲ್ಲ.

ಸೆಟ್ಟಿಂಗಿಗೆ ಹೋಗಿ ಪ್ರೊಸೆಸರಿನ ವೇಗ ಇಳಿಸಿ ನೋಡಿದಳು. ದನಿ ಒಮ್ಮೆ ಓಡಿತು, ಒಮ್ಮೆ ತಡವರಿಸಿತು.

"ಅಮ್ಮ ಎಲ್ಲೋ ಕುಡ್ಕೊಂಡು ಬಂದ ಹಾಗಿದೆ ಕಣೇ," ಎಂದ ಗಂಡ.

ಅವಳ ಬೆನ್ನು ನೋಯುತ್ತಿತ್ತು. ವಾರವೆಲ್ಲ ಕಂಡವರ ಕಂಪ್ಯೂಟರುಗಳ ಹೊಟ್ಟೆ ಬಿಚ್ಚಿ ಮನೆಗೆ ಬಂದರೆ ಇಲ್ಲೂ ಅದೇ ಸ್ಕ್ರೂಡ್ರೈವರು. ಇನ್ನೊಂದು ಸ್ಕ್ರೂ ತಿರುಗಿಸುವ ಚೈತನ್ಯವೂ ತನ್ನಲ್ಲಿಲ್ಲ ಅನ್ನಿಸಿತು.

"ಅತ್ತೆ, ಇದೇ ಇರ್ಲಿ ಬಿಡಿ. ನಾಲ್ಕು ವಾರ ಕೇಳಿದ್ರೆ ದೊಡ್ಡತ್ತೆಗೂ ಅಭ್ಯಾಸ ಆಗುತ್ತೆ."

ಅತ್ತೆ ಬಹಳ ಹೊತ್ತು ಟೈಪ್ ಮಾಡಿದರು. ಕಂಪ್ಯೂಟರು ಗೊಳಗೊಳನೆ ಅಂದದ್ದು ಅರ್ಥವಾಗದೆ ಸೊಸೆ ಪರದೆಗೆ ಬಗ್ಗಿ ಓದಿಕೊಂಡಳು. 'ಅವಳಿಗೆ ಇನ್ನು ಹೊಸದೇನೂ ಅಭ್ಯಾಸ ಆಗಲ್ಲ ಕಣಮ್ಮ. ಇರೋದೇ ಒಂದೊಂದಾಗಿ ಹೋಗ್ತಿದೆ.'

ಸೊಸೆ ಎದ್ದು ಗುಜರಿಯ ಚೀಲವನ್ನು ನೆಲಕ್ಕೆ ಸುರಿದಳು.

ಹಳೆಯದರಲ್ಲಿ ಸತ್ತದ್ದು ಬೋರ್ಡು ಮಾತ್ರ. ಅದರ ಮೇಲಿದ್ದ, ಹುಡುಗ ತನ್ನ ಎಣಿಕೆಯನ್ನು ಹೊಂದಿಸಿದ್ದ ಪ್ರೊಸೆಸರಿಗೆ ಏನೂ ಆಗಿರಲಿಲ್ಲ. ಅದು ಕೂರುವಂಥ ಜಾಗ ಇದ್ದದ್ದು ಅವಳು ಬೇಡವೆಂದು ಎಸೆದ ಬೋರ್ಡಿನಲ್ಲಿ ಮಾತ್ರ. ಅದರಲ್ಲಿದ್ದ ಪ್ರೊಸೆಸರನ್ನು ತೆಗೆದು, ಧೂಳನ್ನು ಬ್ರಶ್ಶಿನಿಂದ ಕೊಡವಿದಳು. ಮೆಮೊರಿ ಪಟ್ಟಿಯ ಅಂಚನ್ನು ರಬ್ಬರಿನಿಂದ ಉಜ್ಜಿದಳು. ಪ್ರೊಸೆಸರನ್ನು ಕೂರಿಸುವಾಗ, ಒಂದು ಪಿನ್ನು ಬಾಗಿದರೂ ಕಥೆ ಮುಗಿಯಿತು ಎಂದು ಉಸಿರು ಬಿಗಿಹಿಡಿದಳು. ಗಂಡ ಈಗ ಜೋಕು ಬಿಟ್ಟು, ಎದ್ದು ಬಂದು ಟಾರ್ಚು ಹಿಡಿದುಕೊಂಡಿದ್ದ.

ಕಂಪ್ಯೂಟರು ಎದ್ದಿತು. ಅಭ್ಯಾಸಬಲದಿಂದ ಪರೀಕ್ಷೆಯನ್ನೂ ಹಚ್ಚಿದಳು. ಸತ್ತ ಬೋರ್ಡಿನ ಮೇಲೆ ಇದೇ ಪ್ರೊಸೆಸರು ಎಷ್ಟು ದೂರ ಓಡುತ್ತಿತ್ತೆಂದು ಅವಳಿಗೆ ನೆನಪಿತ್ತು. ಈಗ ಪಟ್ಟಿ ಅದಕ್ಕಿಂತಲೂ ಹಿಂದೆಯೇ ನಿಂತುಬಿಟ್ಟಿತು. ಇದು ತೀರ ನಿಧಾನವಾಯಿತೇನೋ. ದೊಡ್ಡತ್ತೆ ಈ ದನಿಯನ್ನೂ ಯಾರದೋ ಎಂದುಬಿಟ್ಟರೆ?

ಅತ್ತೆ ಕಾಯಲಿಲ್ಲ. ಫೋನು ಒತ್ತಿಯೇಬಿಟ್ಟರು.

"ಯಾರು?" ದೊಡ್ಡತ್ತೆಯ ದನಿಯಲ್ಲಿ ಸಿಡುಕಿತ್ತು.

"ಅ… ಕ್ಕಾ," ಎಂದಿತು ಕಂಪ್ಯೂಟರು. ಆಮೇಲೆ ಎಷ್ಟೋ ಹೊತ್ತಿಗೆ, "ನಾ… ನು… ಗಿ… ಣಿ."

ಆ ಕಡೆ ಮಂಚ ಕಿರುಗುಟ್ಟಿತು. ಅತ್ತೆಯ ಬೆರಳು ಕೀಬೋರ್ಡಿನ ಮೇಲೇ ನಿಂತಿತ್ತು.

"ಗಿಣೀ? ಎಲ್ಲಿ ಸತ್ತಿದ್ದೆಯೇ ಇಷ್ಟು ಹೊತ್ತು? ಯಾವಳೋ ನಿನ್ನ ಹೆಸರು ಹೇಳ್ಕೊಂಡು ಫೋನ್ ಮಾಡಿದ್ಲು. ನಾನೇನು ಕಮ್ಮಿನಾ, ಏನೂ ಬೇಡ ಅಂದು ಫೋನ್ ಇಟ್ಟೆ." ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಕೇಳಿದರು. "ಯಾಕೇ ದನಿ ಹೀಗಿದೆ? ಸುಸ್ತಾ?"

ಅತ್ತೆ ಸೊಸೆಯ ಮುಖ ನೋಡಿದರು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದರು.

"ನಿಧಾನಕ್ಕೆ ಹೇಳು," ಎಂದರು ದೊಡ್ಡತ್ತೆ. "ನಂಗೇನು ಅವಸರ, ಹಾಸಿಗೇಲೇ ಇದೀನಿ."

ಸೊಸೆ ಗೋಡೆಗೊರಗಿ ನೆಲದಲ್ಲೇ ಕುಳಿತಳು. ಕ್ಯಾಬಿನೆಟ್ಟಿನ ಮುಚ್ಚಳ ಇನ್ನೂ ಹಾಕಿರಲಿಲ್ಲ. ಅದರ ಸ್ಕ್ರೂಗಳು ಅವಳ ಅಂಗೈಯಲ್ಲಿ ಬೆಚ್ಚಗಾಗಿದ್ದವು. ಒಳಗೆ ಪುಟ್ಟ ಫ್ಯಾನು ಗುಂಯ್‌ಗುಡುತ್ತ ತಿರುಗುತ್ತಿತ್ತು. ಅದರ ಗಾಳಿಗೆ ಬೋರ್ಡಿನ ಮೂಲೆಯಲ್ಲಿ ಉಳಿದುಹೋಗಿದ್ದ ಧೂಳಿನ ಎಳೆಯೊಂದು ಏಳುತ್ತಿತ್ತು, ಮತ್ತೆ ಮಲಗುತ್ತಿತ್ತು.